ಪಿಎಚ್ ಬದಲಾದಾಗ ಕಿಣ್ವ ಹೇಗೆ ನಡೆದುಕೊಳ್ಳುತ್ತದೆ: ಪ್ರಯೋಗ ಕೈಕೊಡದ ಹಾಗೆ ಮಾಡುವ ಸಮಗ್ರ ಮಾರ್ಗದರ್ಶಿ

ಮೊದಲು ಒಂದು ಗ್ರಾಫ್ ಬಗ್ಗೆ ಹೇಳುತ್ತೇನೆ. ಪಿಷ್ಟ ಒಡೆಯುವ ಅಮೈಲೇಸ್ ಅನ್ನುವ ಕಿಣ್ವದ ಪ್ರಯೋಗ ಮಾಡಿದವರು ಪದೇ ಪದೇ ತಂದು ತೋರಿಸುವ ಗ್ರಾಫ್ ಅದು. ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) 4ರಲ್ಲಿ ಕಿಣ್ವ ಸುಮ್ಮನೆ ಕೂತಿದೆ, 7ರಲ್ಲಿ ಚೆನ್ನಾಗಿ ಕೆಲಸ ಮಾಡಿದೆ, 8ರಲ್ಲಿ ಸ್ವಲ್ಪ ಇಳಿದಿದೆ, 10ಕ್ಕೆ ಬಂದ ತಕ್ಷಣ ಗೆರೆ ನೆಟ್ಟಗೆ ಮೇಲೆ ಹೋಗಿದೆ. ಕೆಳಗೆ ತೀರ್ಮಾನ ಬೇರೆ: ಕ್ಷಾರ ಜಾಸ್ತಿಯಾದರೆ ಅಮೈಲೇಸ್ ಇನ್ನೂ ಚುರುಕಾಗುತ್ತದೆ. ಇಲ್ಲ, ಆಗುವುದಿಲ್ಲ. ಆ ಟ್ಯೂಬಿನಲ್ಲಿ ಪಿಷ್ಟ ಹಾಕಿದ ಹಾಗೇ ಇತ್ತು. ಮಾಯವಾಗಿದ್ದು ಅಯೋಡಿನ್, ಅಂದರೆ ಪಿಷ್ಟ ಉಳಿದಿದೆಯಾ ಅಂತ ನೋಡಲು ಬಳಸುವ ವಸ್ತು. ಪಿಷ್ಟ ಇದ್ದರೆ ಅದು ನೀಲಿ ಬಣ್ಣ ಕೊಡುತ್ತದೆ.

ಕ್ಷಾರ ಜಾಸ್ತಿ ಇದ್ದ ಕಡೆ ಅಯೋಡಿನ್ ತಾನೇ ಬದಲಾಗಿ ಅಯೋಡೈಡ್, ಅಯೋಡೇಟ್ ಆಗಿಬಿಡುತ್ತದೆ. ಅಯೋಡಿನ್ನೇ ಇಲ್ಲದ ಮೇಲೆ ಪಿಷ್ಟ ನೀಲಿಯಾಗುವುದು ಎಲ್ಲಿಂದ? ನೋಡಿದವರು "ಪಿಷ್ಟ ಖಾಲಿ" ಅಂತ ಬರೆದುಕೊಂಡರು, ಅಷ್ಟೇ. ಈ ಪ್ರಯೋಗ ಹಾಳಾಗುವುದು ಬಹಳಷ್ಟು ಸಲ ಹೀಗೇ. ನಾವು ಪಿಎಚ್ ಬದಲಾಯಿಸಿದಾಗ ಅದು ಕಿಣ್ವವನ್ನು ಮಾತ್ರ ಮುಟ್ಟುವುದಿಲ್ಲ, ಟ್ಯೂಬಿನಲ್ಲಿ ಇರುವ ಎಲ್ಲವನ್ನೂ ಮುಟ್ಟುತ್ತದೆ. ಹಾಗಾಗಿ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಾ ಹೋಗಿ: ನಾನು ಈಗ ನೋಡಿದ್ದು ಕಿಣ್ವದ ಕೆಲಸವಾ, ಬೇರೆ ಯಾವುದರದ್ದೋ ಆಟವಾ?

ಒಳಗೆ ಏನಾಗುತ್ತದೆ, ಎರಡೇ ಮಾತಿನಲ್ಲಿ

ಕಿಣ್ವ ಒಂದು ಪ್ರೋಟೀನ್. ಅದನ್ನು ಕಟ್ಟಿರುವ ಅಮೈನೋ ಆಮ್ಲಗಳಲ್ಲಿ ಕೆಲವು ಪ್ರೋಟಾನನ್ನು (ಹೈಡ್ರೋಜನ್ ಅಯಾನನ್ನು) ಹಿಡಿದುಕೊಳ್ಳುತ್ತವೆ, ಬಿಡುತ್ತವೆ. ಹಿಡಿದಾಗ ಒಂದು ವಿದ್ಯುದಂಶ, ಬಿಟ್ಟಾಗ ಇನ್ನೊಂದು. ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲಗಳಿಗೆ ಈ ಬದಲಾವಣೆ ಪಿಎಚ್ 4ರ ಹತ್ತಿರ, ಹಿಸ್ಟಿಡಿನ್‌ಗೆ 6ರ ಹತ್ತಿರ, ಲೈಸಿನ್‌ಗೆ 10 ದಾಟಿದ ಮೇಲೆ. ಪ್ರೋಟೀನಿನ ಒಳಗೆ ಅಕ್ಕಪಕ್ಕ ಯಾರಿದ್ದಾರೆ ಅನ್ನುವುದರ ಮೇಲೆ ಈ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಕೆಲಸ ನಡೆಯುವ ಜಾಗದಲ್ಲಿ ಒಂದು ಅಮೈನೋ ಆಮ್ಲ ಪ್ರೋಟಾನ್ ಹಿಡಿದಿರಬೇಕು, ಪಕ್ಕದ್ದು ಬಿಟ್ಟಿರಬೇಕು. ಎರಡೂ ಒಟ್ಟಿಗೆ ಕೂಡಿ ಬರುವ ಪಿಎಚ್ ಪಟ್ಟಿ ಚಿಕ್ಕದು, ಗುಡ್ಡದ ಆಕಾರದ ಗ್ರಾಫ್ ಬರುವುದು ಅದಕ್ಕೇ.

ಇನ್ನೂ ದೂರ ಹೋದರೆ ಬೇರೆಯೇ ಕಥೆ. ಆಗ ಪ್ರೋಟೀನನ್ನು ಮಡಚಿ ಹಿಡಿದಿದ್ದ ಕೊಂಡಿಗಳೇ ಬಿಚ್ಚಿಕೊಳ್ಳುತ್ತವೆ, ಆಕಾರ ಕೆಡುತ್ತದೆ. ಮೊದಲನೆಯದು ಕೆಲಸ ನಿಲ್ಲಿಸಿದ ಹಾಗೆ, ಎರಡನೆಯದು ಯಂತ್ರವೇ ಮುರಿದ ಹಾಗೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಬೇರೆ ಮಾಡುವುದು ಹೇಗೆ ಅಂತ 9ನೇ ಹಂತದಲ್ಲಿ ಹೇಳಿದ್ದೇನೆ.

ಇನ್ನೊಂದು ವಿಷಯ. ಪಿಎಚ್ ಒಂದು ಅಂಕೆ ಬದಲಾದರೆ ಪ್ರೋಟಾನ್ ಪ್ರಮಾಣ 10 ಪಟ್ಟು ಬದಲಾಗುತ್ತದೆ. 7ರಿಂದ 5ಕ್ಕೆ ಬಂದರೆ 100 ಪಟ್ಟು. "ಸುಮಾರು 7 ಇದೆ ಬಿಡು" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಪಿಎಚ್ ಮೀಟರ್, ಅದನ್ನು ಸರಿಹೊಂದಿಸಲು 4, 7, 10ರ ಪ್ರಮಾಣಿತ ದ್ರಾವಣಗಳು, 37 ಡಿಗ್ರಿಯಲ್ಲಿ ನಿಲ್ಲುವ ವಾಟರ್ ಬಾತ್, ಥರ್ಮಾಮೀಟರ್, ಟೆಸ್ಟ್ ಟ್ಯೂಬ್‌ಗಳು, 1 ಮತ್ತು 5 ಮಿ.ಲೀ. ಪಿಪೆಟ್, ಡ್ರಾಪರ್, ಗುಳಿಗಳಿರುವ ಬಿಳಿ ಪಿಂಗಾಣಿ ಹಲಗೆ, ಟೈಮರ್, ಐಸ್, ಕನ್ನಡಕ, ಕೈಗವಸು. ರಾಸಾಯನಿಕಗಳಲ್ಲಿ ಪಿಷ್ಟ, ಅಯೋಡಿನ್ ಮತ್ತು ಪೊಟ್ಯಾಸಿಯಂ ಅಯೋಡೈಡ್, ಅಡುಗೆ ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ, ಬಫರ್‌ಗೆ (ಪಿಎಚ್ ಸುಲಭಕ್ಕೆ ಬದಲಾಗದಂತೆ ಹಿಡಿದಿಡುವ ದ್ರಾವಣಕ್ಕೆ) ಬೇಕಾದ ಲವಣಗಳು, ಡಿಸ್ಟಿಲ್ಡ್ ವಾಟರ್. ಪಿಎಚ್ ಪೇಪರ್ ಕೂಡ ಇರಲಿ. ಆದರೆ ಅದು ಅಂದಾಜಿಗೆ ಮಾತ್ರ, ಬಣ್ಣ ನೋಡಿ ಅರ್ಧ ಅಂಕೆಯ ವ್ಯತ್ಯಾಸ ಹೇಳುವುದು ಕಷ್ಟ.

ಹಂತ 1: ನಿಮ್ಮ ಕಿಣ್ವ ಎಲ್ಲಿಂದ ಬಂದಿದ್ದು ಅಂತ ನೋಡಿ

ಬಾಟಲಿ ಮೇಲೆ ಅಮೈಲೇಸ್ ಅಂತ ಇದ್ದರೆ ಸಾಲದು. ಮನುಷ್ಯರ ಜೊಲ್ಲಿನ ಅಮೈಲೇಸ್ ಪಿಎಚ್ 6.7ರಿಂದ 7ರ ಆಸುಪಾಸಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಶಿಲೀಂಧ್ರದಿಂದ ತೆಗೆದದ್ದು, ಮೊಳಕೆ ಬಂದ ಬಾರ್ಲಿಯಿಂದ ತೆಗೆದದ್ದು 5ರ ಹತ್ತಿರವೇ ಗರಿಷ್ಠ ಮುಟ್ಟುತ್ತವೆ. ನಿಮ್ಮ ಗುಡ್ಡದ ತುದಿ 5ಕ್ಕೆ ಬಂತು, ಪುಸ್ತಕದಲ್ಲಿ 7 ಇದೆ ಅಂತ ಇಡೀ ಪ್ರಯೋಗ ಎಸೆಯಬೇಡಿ, ಮೊದಲು ಲೇಬಲ್ ಓದಿ. ಪುಸ್ತಕದ ಉತ್ತರಕ್ಕೆ ತಕ್ಕಂತೆ ಅಂಕಿ ತಿದ್ದಿದವರನ್ನೂ ನೋಡಿದ್ದೇನೆ. ಅವರ ಮೂಲ ಅಂಕಿಗಳೇ ಸರಿ ಇದ್ದವು!

ಜೊಲ್ಲು ಬಳಸುವುದಾದರೆ ನಿಮ್ಮದನ್ನು ಮಾತ್ರ ಬಳಸಿ, ನಿಮ್ಮ ಲ್ಯಾಬಿನಲ್ಲಿ ಅದಕ್ಕೆ ಅನುಮತಿ ಇದೆಯಾ ಅಂತ ಮೊದಲೇ ಕೇಳಿ. ಬಾಯಿ ಮುಕ್ಕಳಿಸಿ, ಕೆಲವು ನಿಮಿಷ ಬಿಟ್ಟು ಸಂಗ್ರಹಿಸಿ, ಸೋಸಿ. ಒಂದು ಪ್ರಯೋಗಕ್ಕೆ ಬೇಕಾದಷ್ಟನ್ನೂ ಒಂದೇ ಸಲ ತೆಗೆದುಕೊಳ್ಳಿ. ಬೆಳಿಗ್ಗೆ ತೆಗೆದದ್ದಕ್ಕೂ ಮಧ್ಯಾಹ್ನ ತೆಗೆದದ್ದಕ್ಕೂ ಶಕ್ತಿಯಲ್ಲಿ ವ್ಯತ್ಯಾಸ ಇರುತ್ತದೆ.

ಹಂತ 2: ಮೀಟರನ್ನು ಸರಿಹೊಂದಿಸಿ

ಆಮ್ಲದ ಕಡೆ ಅಳೆಯುವಾಗ 7 ಮತ್ತು 4, ಕ್ಷಾರದ ಕಡೆ ಅಳೆಯುವಾಗ 7 ಮತ್ತು 10, ಹೀಗೆ ಎರಡು ಬಿಂದುಗಳಲ್ಲಿ ಹೊಂದಿಸಬೇಕು. ಒಂದೇ ಬಿಂದುವಿನಲ್ಲಿ ಹೊಂದಿಸಿದ ಮೀಟರ್ 7ರಲ್ಲಿ ನಿಜ ಹೇಳಿ, ದೂರ ಹೋದಂತೆ ಸುಳ್ಳು ಹೇಳಬಹುದು. ಎಲೆಕ್ಟ್ರೋಡನ್ನು (ದ್ರಾವಣದಲ್ಲಿ ಅದ್ದುವ ಮೀಟರಿನ ಕಡ್ಡಿಯನ್ನು) ಬಟ್ಟೆಯಿಂದ ಉಜ್ಜಬೇಡಿ, ಟಿಶ್ಯೂ ತಾಗಿಸಿ ನೀರು ಹೀರಿಸಿ. ಕೆಲಸ ಮುಗಿದ ಮೇಲೆ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಇಡಿ. ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿಟ್ಟರೆ ನಿಧಾನಕ್ಕೆ ಕೆಡುತ್ತದೆ.

ಅಂಕಿ ನಿಲ್ಲದೆ ಒಂದೇ ದಿಕ್ಕಿಗೆ ಜಾರುತ್ತಿದೆಯಾ? ಅವತ್ತು ಪ್ರಯೋಗ ಶುರು ಮಾಡಬೇಡಿ, ಮೊದಲು ಎಲೆಕ್ಟ್ರೋಡ್ ನೋಡಿ.

ಹಂತ 3: ಬಫರ್ ಮಾಡಿ, ಬರೀ ಆಮ್ಲ ಹಾಕಬೇಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ನೀರಿಗೆ ನಾಲ್ಕು ಹನಿ ಆಮ್ಲ ಹಾಕಿ ಪಿಎಚ್ 5 ಬಂತು ಅಂತ ಖುಷಿಪಡುತ್ತಾರೆ. ಅದಕ್ಕೆ ಪಿಷ್ಟ, ಜೊಲ್ಲು ಸೇರಿಸಿದ ತಕ್ಷಣ ಪಿಎಚ್ ಎಲ್ಲಿಗೋ ಹೋಗಿರುತ್ತದೆ, ಯಾಕೆಂದರೆ ಜೊಲ್ಲಿನಲ್ಲೇ ಬೈಕಾರ್ಬೊನೇಟ್ ಇದೆ. ಬಫರ್ ಇದ್ದರೆ ಹಾಗೆ ಓಡಿಹೋಗುವುದಿಲ್ಲ.

ಪಿಎಚ್ 6ರಿಂದ 8ಕ್ಕೆ ಫಾಸ್ಫೇಟ್. 0.2 ಮೋಲಾರ್ ಮೊನೊಸೋಡಿಯಂ ಫಾಸ್ಫೇಟ್ ಒಂದು ಬಾಟಲಿ, 0.2 ಮೋಲಾರ್ ಡೈಸೋಡಿಯಂ ಫಾಸ್ಫೇಟ್ ಇನ್ನೊಂದು ಬಾಟಲಿ ಮಾಡಿಟ್ಟುಕೊಳ್ಳಿ. ಪಿಎಚ್ 6ಕ್ಕೆ ಮೊದಲನೆಯದು 87.7 ಮಿ.ಲೀ., ಎರಡನೆಯದು 12.3 ಮಿ.ಲೀ. ಪಿಎಚ್ 7ಕ್ಕೆ 39 ಮತ್ತು 61. ಪಿಎಚ್ 8ಕ್ಕೆ 5.3 ಮತ್ತು 94.7. ಪ್ರತಿಯೊಂದನ್ನೂ ನೀರು ಸೇರಿಸಿ 200 ಮಿ.ಲೀ. ಮಾಡಿ, ಆಗ 0.1 ಮೋಲಾರ್ ಬಫರ್ ಸಿಗುತ್ತದೆ.

ಪಿಎಚ್ 4 ಮತ್ತು 5ಕ್ಕೆ ಅಸಿಟೇಟ್. 0.2 ಮೋಲಾರ್ ಅಸಿಟಿಕ್ ಆಮ್ಲ, 0.2 ಮೋಲಾರ್ ಸೋಡಿಯಂ ಅಸಿಟೇಟ್. ಪಿಎಚ್ 4ಕ್ಕೆ 82 ಮತ್ತು 18 ಮಿ.ಲೀ., ಪಿಎಚ್ 5ಕ್ಕೆ 29.6 ಮತ್ತು 70.4 ಮಿ.ಲೀ., ಇದನ್ನೂ 200 ಮಿ.ಲೀ.ಗೆ ಏರಿಸಿ. 9 ಮತ್ತು 10ಕ್ಕೆ ಗ್ಲೈಸಿನ್ ದ್ರಾವಣಕ್ಕೆ ಮೀಟರ್ ನೋಡುತ್ತಾ ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ. ಕ್ಷಾರದ ಬಫರ್ ಬಾಟಲಿ ಮುಚ್ಚಿಡಿ, ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಪಿಎಚ್ ಇಳಿಯುತ್ತದೆ. ಈ ಅಳತೆಗಳೆಲ್ಲ ಹತ್ತಿರಕ್ಕೆ ಕರೆದುಕೊಂಡು ಹೋಗುತ್ತವೆ, ಕೊನೆಯ ಮಾತು ಮೀಟರಿನದು.

ಇಲ್ಲಿ ಎರಡು ಹೊಂಚು ಹಾಕಿದ ತಪ್ಪುಗಳಿವೆ. ಒಂದು, ಸಿಟ್ರೇಟ್ ಬಫರ್. ಅಗಲವಾದ ಪಿಎಚ್ ಪಟ್ಟಿ ಒಂದೇ ಬಫರಿನಲ್ಲಿ ಸಿಗುತ್ತದೆ ಅಂತ ಜನ ಅದನ್ನು ಹಿಡಿಯುತ್ತಾರೆ. ಆದರೆ ಈ ಅಮೈಲೇಸ್‌ಗೆ ಕ್ಯಾಲ್ಸಿಯಂ ಬೇಕು, ಸಿಟ್ರೇಟ್ ಆ ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತದೆ. ಕಿಣ್ವ ನಿಧಾನವಾದರೆ ನೀವು ಪಿಎಚ್ ಮೇಲೆ ತಪ್ಪು ಹೊರಿಸುತ್ತೀರಿ. ಎರಡು, ಟ್ರಿಸ್ ಬಫರ್. ಬಿಸಿಯಾದರೆ ಅದರ ಪಿಎಚ್ ಇಳಿಯುತ್ತದೆ, 25 ಡಿಗ್ರಿಯಲ್ಲಿ 8 ಇದ್ದದ್ದು 37ರಲ್ಲಿ ಸುಮಾರು 7.7 ಆಗಿರುತ್ತದೆ. ಬಳಸಲೇಬೇಕಾದರೆ ಬಿಸಿ ಮಾಡಿದ ಮೇಲೆ ಅಳೆಯಿರಿ.

ಬಫರ್ ಬದಲಾಗುವ ಗಡಿಯಲ್ಲಿ, ಅಂದರೆ 5.6ರಿಂದ 5.8ರ ಆಸುಪಾಸಿನಲ್ಲಿ, ಅಸಿಟೇಟ್‌ನಲ್ಲಿ ಒಂದು ಟ್ಯೂಬ್, ಫಾಸ್ಫೇಟ್‌ನಲ್ಲಿ ಒಂದು ಟ್ಯೂಬ್ ಮಾಡಿ. ಎರಡೂ ಒಂದೇ ವೇಗ ತೋರಿಸಿದರೆ ನೆಮ್ಮದಿ. ತೋರಿಸದಿದ್ದರೆ ನಿಮ್ಮ ಗ್ರಾಫಿನಲ್ಲಿ ಬಫರಿನ ಪಾಲೂ ಇದೆ ಅಂತ ಅರ್ಥ.

ಹಂತ 4: ಪಿಷ್ಟ, ಉಪ್ಪು, ಅಯೋಡಿನ್

1 ಗ್ರಾಂ ಪಿಷ್ಟವನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನೀರಿಗೆ ಸುರಿದು ಕಲಕಿ, ತಿಳಿಯಾದ ಮೇಲೆ ಆರಿಸಿ 100 ಮಿ.ಲೀ. ಮಾಡಿ. ಪುಡಿಯನ್ನೇ ಬಿಸಿನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ, ಒಂದೊಂದು ಹನಿಯಲ್ಲಿ ಒಂದೊಂದು ಪ್ರಮಾಣ ಬರುತ್ತದೆ. ಬಿಸಿ ಇರುವಾಗಲೇ ಅಯೋಡಿನ್ ಹಾಕಿ ನೋಡಬೇಡಿ. ಬಿಸಿಗೆ ನೀಲಿ ಬಣ್ಣ ಹೋಗುತ್ತದೆ, ತಣ್ಣಗಾದರೆ ವಾಪಸ್ ಬರುತ್ತದೆ.

1 ಶೇಕಡಾ ಉಪ್ಪಿನ ನೀರು ಬೇರೆ ಮಾಡಿಟ್ಟುಕೊಳ್ಳಿ. ಜೊಲ್ಲಿನ ಅಮೈಲೇಸ್‌ಗೆ ಕ್ಲೋರೈಡ್ ಬೇಕು, ಇಲ್ಲದಿದ್ದರೆ ಅದು ಮಂಕು. ಕೆಲವು ಬಫರ್‌ಗಳನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಸರಿಪಡಿಸಿ, ಉಳಿದವನ್ನು ಹಾಗೇ ಬಿಟ್ಟಿರುತ್ತೀರಿ ಅಲ್ವಾ? ಆಗ ಕೆಲವು ಟ್ಯೂಬ್‌ಗೆ ಮಾತ್ರ ಕ್ಲೋರೈಡ್ ಸಿಕ್ಕ ಹಾಗಾಯಿತು. ಎಲ್ಲ ಟ್ಯೂಬ್‌ಗೂ ಒಂದೇ ಅಳತೆಯ ಉಪ್ಪಿನ ನೀರು ಹಾಕಿದರೆ ಆ ತಲೆನೋವು ಇಲ್ಲ.

ಅಯೋಡಿನ್ ವಿಷಯಕ್ಕೆ ಬರೋಣ. ಪೊಟ್ಯಾಸಿಯಂ ಅಯೋಡೈಡ್ ಜೊತೆ ಕರಗಿಸಿದ ಅಯೋಡಿನ್ ದ್ರಾವಣವನ್ನು ಚಹಾ ಡಿಕಾಕ್ಷನ್ ಥರ ಕಪ್ಪಗೆ ಇಡಬೇಡಿ, ತಿಳಿ ಹಳದಿ-ಕಂದು ಸಾಕು. ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ 0.1 ಮೋಲಾರ್ ಇರುವಂತೆ ಸೇರಿಸಿ. ಇದರಿಂದ ಎರಡು ಲಾಭ. ಕ್ಷಾರದ ಟ್ಯೂಬಿನಿಂದ ಬಂದ ಹನಿಯೂ ಅಲ್ಲಿ ಆಮ್ಲೀಯವಾಗುತ್ತದೆ, ಅಯೋಡಿನ್ ಉಳಿಯುತ್ತದೆ. ಜೊತೆಗೆ ಹನಿ ಬಿದ್ದ ಕ್ಷಣಕ್ಕೆ ಕಿಣ್ವದ ಕೆಲಸವೂ ನಿಲ್ಲುತ್ತದೆ, ಬಣ್ಣವನ್ನು ಆತುರವಿಲ್ಲದೆ ನೋಡಬಹುದು. ಆದರೆ ಆಮ್ಲ ಬೆರೆಸಿದ್ದನ್ನು ಆ ದಿನವೇ ಬಳಸಿ ಮುಗಿಸಿ. ಇಟ್ಟರೆ ಗಾಳಿಗೆ ಅಯೋಡೈಡ್ ತಾನೇ ಅಯೋಡಿನ್ ಆಗುತ್ತಾ ಬಣ್ಣ ಗಾಢವಾಗುತ್ತದೆ.

ಹಂತ 5: ಕಿಣ್ವದ ಹದ ಕಂಡುಕೊಳ್ಳಿ

ಇದನ್ನು ಬಿಟ್ಟವರ ಟೇಬಲ್ ನೋಡಿದರೆ ಗೊತ್ತಾಗುತ್ತದೆ: 5, 6, 7, 8 ಎಲ್ಲದಕ್ಕೂ 20 ಸೆಕೆಂಡ್. ಕಿಣ್ವ ಜಾಸ್ತಿ ಇದ್ದರೆ ಒಳ್ಳೆಯ ಪಿಎಚ್, ಕೆಟ್ಟ ಪಿಎಚ್ ಎರಡರಲ್ಲೂ ಮೊದಲ ಹನಿಗೇ ಪಿಷ್ಟ ಮುಗಿದಿರುತ್ತದೆ.

ಪಿಎಚ್ 7ರಲ್ಲಿ ಮಾತ್ರ ಒಂದು ಪ್ರಾಯೋಗಿಕ ಓಟ ಮಾಡಿ (ಅಳತೆ, ಕ್ರಮ 7ನೇ ಹಂತದಲ್ಲಿದೆ). ಜೊಲ್ಲನ್ನು 10 ಪಟ್ಟು ತೆಳು ಮಾಡಿ ಶುರು ಮಾಡಿ, ಬೇಗ ಮುಗಿದರೆ 20 ಪಟ್ಟು, 50 ಪಟ್ಟು. ನೀಲಿ ಹೋಗುವುದಕ್ಕೆ 2ರಿಂದ 3 ನಿಮಿಷ ಹಿಡಿಯುವ ಹದ ಸಿಕ್ಕರೆ ನಿಲ್ಲಿಸಿ. ಯಾಕೆ ಅಷ್ಟು? 20 ಸೆಕೆಂಡಿಗೊಮ್ಮೆ ಹನಿ ತೆಗೆಯುವಾಗ 20 ಸೆಕೆಂಡಿನ ತಪ್ಪು ಇದ್ದೇ ಇರುತ್ತದೆ. 40 ಸೆಕೆಂಡಿನಲ್ಲಿ ಅದು ಅರ್ಧ ಉತ್ತರ, 160 ಸೆಕೆಂಡಿನಲ್ಲಿ ಎಂಟರಲ್ಲಿ ಒಂದು ಪಾಲು.

ಹದ ಸಿಕ್ಕಿದ ಕಿಣ್ವವನ್ನು ಐಸ್ ಮೇಲೆ ಇಡಿ. ಮೇಜಿನ ಮೇಲೆ ಬಿಟ್ಟರೆ ಕೊನೆಯ ಟ್ಯೂಬಿನ ಹೊತ್ತಿಗೆ ಅದು ಸುಸ್ತಾಗಿರಬಹುದು.

ಹಂತ 6: ಕಿಣ್ವವಿಲ್ಲದ ಸಾಲು

ಪ್ರತಿ ಪಿಎಚ್‌ಗೂ ಜೊತೆಗೆ ಇನ್ನೊಂದು ಟ್ಯೂಬ್ ಬೇಕು. ಅದರಲ್ಲಿ 7ನೇ ಹಂತದ್ದೆಲ್ಲ ಹಾಕಿ, ಕಿಣ್ವದ ಬದಲು ಕುದಿಸಿ ಆರಿಸಿದ, ಅಂದರೆ ಕೆಲಸ ಮಾಡದ ಕಿಣ್ವ ಹಾಕಿ. 10 ನಿಮಿಷ ಬಿಟ್ಟು ಒಂದು ಹನಿ ತೆಗೆದು ನೋಡಿ. ಎಲ್ಲ ಪಿಎಚ್‌ನಲ್ಲೂ ಕಡು ನೀಲಿ ಬರಬೇಕು. ಒಂದರಲ್ಲಿ ಬಣ್ಣ ಮಸುಕಾದರೂ ಆ ಪಿಎಚ್‌ನ ಫಲಿತಾಂಶ ನಂಬುವ ಹಾಗಿಲ್ಲ. ಈ ಸಾಲಿಗೆ ಹಿಡಿಯುವುದು ಕಾಲು ಗಂಟೆ. ಮೇಲೆ ಹೇಳಿದ ಗ್ರಾಫಿನವರಲ್ಲಿ ಯಾರೂ ಇದನ್ನು ಮಾಡಿರಲಿಲ್ಲ.

ಹಂತ 7: ನಿಜವಾದ ಓಟ

ಟ್ಯೂಬಿಗೆ 4 ಮಿ.ಲೀ. ಬಫರ್, 2 ಮಿ.ಲೀ. ಪಿಷ್ಟ, 1 ಮಿ.ಲೀ. ಉಪ್ಪಿನ ನೀರು. ಇದನ್ನು 37 ಡಿಗ್ರಿ ವಾಟರ್ ಬಾತಿನಲ್ಲಿ 5 ನಿಮಿಷ ಇಡಿ. 1 ಮಿ.ಲೀ. ಕಿಣ್ವವನ್ನು ಬೇರೆ ಟ್ಯೂಬಿನಲ್ಲಿ 2 ನಿಮಿಷ ಬೆಚ್ಚಗೆ ಮಾಡಿ. ಅಷ್ಟರಲ್ಲಿ ಹಲಗೆಯ ಗುಳಿಗಳಿಗೆ ಅಯೋಡಿನ್ ಹನಿ ಹಾಕಿಟ್ಟುಕೊಳ್ಳಿ, ಸಮಯ ಓಡುತ್ತಿರುವಾಗ ಹಾಕುತ್ತಾ ಕೂತರೆ ಆಗುವುದಿಲ್ಲ.

ಈಗ ಕಿಣ್ವ ಸುರಿಯಿರಿ, ಟೈಮರ್ ಒತ್ತಿ, ಒಮ್ಮೆ ಕಲಕಿ. 20 ಸೆಕೆಂಡಿಗೊಂದು ಹನಿ, ಒಂದೊಂದು ಗುಳಿಗೆ. ಮೊದಲು ಕಡು ನೀಲಿ, ಆಮೇಲೆ ನೇರಳೆ, ಆಮೇಲೆ ಕೆಂಪು ಬೆರೆತ ಕಂದು, ಕೊನೆಗೆ ಅಯೋಡಿನ್ನಿನ ಸ್ವಂತ ಹಳದಿ. ಪಕ್ಕದಲ್ಲಿ ಬರೀ ಬಫರ್ ಹಾಕಿದ ಒಂದು ಗುಳಿ ಇಟ್ಟುಕೊಂಡರೆ ಹೋಲಿಸುವುದು ಸುಲಭ. ಅದರ ಹಾಗೇ ಕಂಡ ಮೊದಲ ಗುಳಿಯೇ ನಿಮ್ಮ ಸಮಯ. 10 ನಿಮಿಷವಾದರೂ ಬಣ್ಣ ಹೋಗದಿದ್ದರೆ ನಿಲ್ಲಿಸಿ.

ಹಾಕುವ ಕ್ರಮ ಕೆಡಿಸಬೇಡಿ. ಕಿಣ್ವವನ್ನೇ ಮೊದಲು ಪಿಎಚ್ 4ರ ಬಫರಿಗೆ ಹಾಕಿ, ಫೋನ್ ನೋಡಿ ಬಂದು, ಆಮೇಲೆ ಪಿಷ್ಟ ಹಾಕಿದರೆ ನೀವು ಅಳೆಯುವುದು ಆ ಪಿಎಚ್‌ನಲ್ಲಿ ಕಿಣ್ವ ಎಷ್ಟು ಹೊತ್ತು ಬದುಕುತ್ತದೆ ಅನ್ನುವುದನ್ನು. ಅದೂ ಒಳ್ಳೆಯ ಪ್ರಶ್ನೆಯೇ, ಆದರೆ ಬೇರೆ ಪ್ರಶ್ನೆ.

ಎಲ್ಲ ಮುಗಿದ ಮೇಲೆ ಟ್ಯೂಬಿನಲ್ಲಿ ಉಳಿದ ಮಿಶ್ರಣದ ಪಿಎಚ್ ಅಳೆದು ಬರೆದುಕೊಳ್ಳಿ. ಗ್ರಾಫಿಗೆ ಹೋಗಬೇಕಾದ್ದು ಈ ಅಂಕಿ, ಬಾಟಲಿ ಮೇಲೆ ಬರೆದದ್ದಲ್ಲ. ಪ್ರತಿ ಪಿಎಚ್‌ನ್ನೂ ಮೂರು ಸಲ ಮಾಡಿ, ಆದರೆ 4ರಿಂದ 10ಕ್ಕೆ ಸಾಲಾಗಿ ಹೋಗಬೇಡಿ. ಕ್ರಮ ಕಲಸಿ ಮಾಡಿ, ಕಿಣ್ವ ಸುಸ್ತಾಗುತ್ತಿದ್ದರೆ ಅದರ ಭಾರ ಬರೀ ಕ್ಷಾರದ ತುದಿಯ ಮೇಲೆ ಬೀಳಬಾರದು.

ಹಂತ 8: ಗ್ರಾಫ್

ಸಮಯವನ್ನೇ ಗ್ರಾಫಿಗೆ ಹಾಕಿದರೆ ಗುಡ್ಡದ ಬದಲು ಹಳ್ಳ ಬರುತ್ತದೆ. 1000ವನ್ನು ಸೆಕೆಂಡಿನಿಂದ ಭಾಗಿಸಿ. 160 ಸೆಕೆಂಡ್ ಅಂದರೆ 6.25, 400 ಸೆಕೆಂಡ್ ಅಂದರೆ 2.5. 10 ನಿಮಿಷದಲ್ಲೂ ಮುಗಿಯದ್ದನ್ನು ಸೊನ್ನೆ ಅಂತ ಬರೆಯಬೇಡಿ, 1.67ಕ್ಕಿಂತ ಕಡಿಮೆ ಅಂತ ಬರೆಯಿರಿ. ನಿಮಗೆ ಗೊತ್ತಿರುವುದು ಅಷ್ಟೇ.

ಬಿಂದುಗಳು 5, 6, 7, 8 ಮಾತ್ರ ಇದ್ದು "ಗರಿಷ್ಠ ಪಿಎಚ್ 7" ಅಂತ ಹೇಳಿದರೆ ಅದರ ಅರ್ಥ 6 ಮತ್ತು 8ರ ನಡುವೆ ಎಲ್ಲೋ ಇದೆ ಅಂತ. ತುದಿ ಕಂಡ ಕಡೆ 6.4, 6.8, 7.2, 7.6 ಅಂತ ಇನ್ನೊಂದು ಸುತ್ತು ಮಾಡಿ.

ಹಂತ 9: ನಿಂತಿದೆಯಾ, ಮುರಿದಿದೆಯಾ

ಬಹುತೇಕರು ಇಲ್ಲಿಗೆ ಬರುವುದೇ ಇಲ್ಲ. ನನಗೆ ಇಡೀ ಪ್ರಯೋಗದಲ್ಲಿ ಇದೇ ಇಷ್ಟ.

ನೀವು ಬಳಸಿದ್ದಕ್ಕಿಂತ 10 ಪಟ್ಟು ಗಟ್ಟಿಯಾದ ಕಿಣ್ವ 1 ಮಿ.ಲೀ. ತೆಗೆದುಕೊಳ್ಳಿ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಕಲಕುತ್ತಾ ಸೇರಿಸಿ ಪಿಎಚ್ 3ಕ್ಕೆ ತನ್ನಿ, ನೀರು ಸೇರಿಸಿ 2 ಮಿ.ಲೀ. ಮಾಡಿ, ಪಿಎಚ್ ಇನ್ನೊಮ್ಮೆ ನೋಡಿ. 10 ನಿಮಿಷ ಬಿಡಿ. ಇನ್ನೊಂದು 1 ಮಿ.ಲೀ.ಗೆ ಬರೀ ಪಿಎಚ್ 7ರ ಬಫರ್ ಸೇರಿಸಿ 2 ಮಿ.ಲೀ. ಮಾಡಿ ಅಷ್ಟೇ ಹೊತ್ತು ಇಡಿ. ಆಮೇಲೆ ಎರಡರಿಂದಲೂ 0.2 ಮಿ.ಲೀ. ತೆಗೆದು, 4 ಮಿ.ಲೀ. ಪಿಎಚ್ 7ರ ಬಫರ್, 2 ಮಿ.ಲೀ. ಪಿಷ್ಟ, 1 ಮಿ.ಲೀ. ಉಪ್ಪಿನ ನೀರು, 0.8 ಮಿ.ಲೀ. ನೀರು ಇರುವ ಟ್ಯೂಬ್‌ಗಳಿಗೆ ಹಾಕಿ ಓಡಿಸಿ. ಆಮ್ಲದ 0.2 ಮಿ.ಲೀ. ಅಷ್ಟು ಬಫರನ್ನು ಅಲ್ಲಾಡಿಸಲಾರದು.

ಎರಡೂ ಒಂದೇ ವೇಗದಲ್ಲಿ ಓಡಿದರೆ ಕಿಣ್ವ ನಿಂತಿತ್ತು, ಅಷ್ಟೇ. ಆಮ್ಲದಲ್ಲಿ ಇದ್ದು ಬಂದ ಕಿಣ್ವ ಏಳದೇ ಇದ್ದರೆ ಅದು ಮುರಿದಿದೆ. ಜೊಲ್ಲಿನ ಅಮೈಲೇಸ್ ಪಿಎಚ್ 3ರಲ್ಲಿ ಹೀಗೆ ಕಾದ ಮೇಲೆ ಬಹುಪಾಲು ವಾಪಸ್ ಬರುವುದಿಲ್ಲ. ಇದನ್ನೇ ಪಿಎಚ್ 5ರಲ್ಲಿ ಮಾಡಿ ನೋಡಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಈ ಲಕ್ಷಣ ಕಂಡರೆ ನಿಲ್ಲಿಸಿ

ಗ್ರಾಫಿನಲ್ಲಿ ಎರಡು ಗುಡ್ಡ ಬಂದರೆ ಮೊದಲು ಬಫರ್ ಬದಲಾದ ಜಾಗ ನೋಡಿ, ಆಮೇಲೆ ಅಯೋಡಿನ್ ನೋಡಿ. ಯಾವ ಟ್ಯೂಬಿನಲ್ಲೂ ಬಣ್ಣ ಹೋಗದಿದ್ದರೆ ಕಿಣ್ವ ಸತ್ತಿದೆ, ಇಲ್ಲ ಉಪ್ಪು ಮರೆತಿದ್ದೀರಿ. ಸೊನ್ನೆ ಸೆಕೆಂಡಿನ ಹನಿಯೇ ಹಳದಿ ಇದ್ದರೆ ಪಿಷ್ಟ ಹಾಕಿಲ್ಲ, ಅಥವಾ ಡ್ರಾಪರಿನಲ್ಲಿ ಹಳೆಯ ಕಿಣ್ವ ಉಳಿದಿದೆ. ಅಯೋಡಿನ್ ಹನಿ ಹಳದಿಯೂ ಉಳಿಯದೆ ನೀರಿನ ಹಾಗಾದರೆ ಅಲ್ಲಿ ಅಯೋಡಿನ್ನೇ ಇಲ್ಲ. ಕ್ಷಾರ ಇರಬಹುದು, ವಿಟಮಿನ್ ಸಿ ಅಥವಾ ಥಯೋಸಲ್ಫೇಟ್ ಥರದ ವಸ್ತು ಗಾಜಿನಲ್ಲಿ ಅಂಟಿಕೊಂಡಿರಬಹುದು. ಮೂರು ಸಲದ ಸಮಯಗಳು ಒಂದಕ್ಕೊಂದು ದುಪ್ಪಟ್ಟು ವ್ಯತ್ಯಾಸ ತೋರಿಸಿದರೆ ಪಿಪೆಟ್ ಹಿಡಿಯುವ ಕೈಯನ್ನೇ ಅನುಮಾನಿಸಿ.

ಬೇರೆ ಕಿಣ್ವ ತೆಗೆದುಕೊಂಡರೆ

ಪ್ರೋಟೀನ್ ಒಡೆಯುವ ಪೆಪ್ಸಿನ್‌ಗೆ ಪಿಎಚ್ 2ರ ಆಸುಪಾಸು, ಅದೇ ಕೆಲಸ ಮಾಡುವ ಟ್ರಿಪ್ಸಿನ್‌ಗೆ 8, ಹೈಡ್ರೋಜನ್ ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್‌ಗೆ 7ರ ಹತ್ತಿರ. ಹಂತಗಳು ಇವೇ, ಮೋಸ ಮಾಡುವ ವಸ್ತು ಮಾತ್ರ ಬೇರೆ. ಕ್ಯಾಟಲೇಸ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕ್ಷಾರದಲ್ಲಿ ತಾನಾಗಿಯೇ ಒಡೆದು ಗುಳ್ಳೆ ಕೊಡುತ್ತದೆ. ಟ್ರಿಪ್ಸಿನ್‌ಗೆ ಹಾಲಿನ ಪ್ರೋಟೀನ್ ಆದ ಕೇಸಿನ್ ಬಳಸಿದರೆ, ಪಿಎಚ್ 4.6ರ ಹತ್ತಿರ ಕೇಸಿನ್ ತಾನೇ ಒಡೆದ ಹಾಲಿನ ಹಾಗೆ ಗಟ್ಟಿಯಾಗಿ ಬೀಳುತ್ತದೆ, ಅಲ್ಲಿ ಕಲಕು ತಿಳಿಯಾಗುವುದನ್ನು ನೋಡಿ ಅಳೆಯುವುದು ಸಾಧ್ಯವೇ ಇಲ್ಲ. ಫಾಸ್ಫೇಟ್ ಕಳಚುವ ಫಾಸ್ಫಟೇಸ್ ಕಿಣ್ವದ ಪ್ರಯೋಗದಲ್ಲಿ ಬರುವ ನೈಟ್ರೋಫಿನಾಲಿನ ಹಳದಿ ಪಿಎಚ್ 7ಕ್ಕಿಂತ ಕೆಳಗೆ ತೆಳುವಾಗುತ್ತದೆ, ಹಾಗಾಗಿ ಎಲ್ಲ ಟ್ಯೂಬ್‌ಗೂ ಕೊನೆಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಒಂದೇ ಪಿಎಚ್‌ಗೆ ತಂದ ಮೇಲೆಯೇ ಬಣ್ಣ ಅಳೆಯಿರಿ. ಪೆಪ್ಸಿನ್ ದ್ರಾವಣವನ್ನು ಮಾತ್ರ ಕ್ಷಾರದ ಬಫರಿನಲ್ಲಿ ಮಾಡಿಟ್ಟುಕೊಳ್ಳಬೇಡಿ. ಪ್ರಯೋಗ ಶುರುವಾಗುವ ಮೊದಲೇ ಅದು ಕೆಟ್ಟಿರುತ್ತದೆ, ಆಮೇಲೆ ಎಷ್ಟು ಆಮ್ಲ ಹಾಕಿದರೂ ಏಳುವುದಿಲ್ಲ.